ಎಡಗಡೆ ಕೂರಬೇಡಿ

ಬದರಿನಾಥ್ ಅಂಕಲ್ ಬಗ್ಗೆ ಒಂದು ಪುಟ ಬರೆದುಕೊಡಿ ಎಂದು ನಮ್ಮ ಕನ್ನಡ ಸಂಘದ ಅಧ್ಯಕ್ಷರು ಕೇಳಿದಾಗಲೇ ನಾನು ಆಗುವುದಿಲ್ಲ ಎನ್ನಬೇಕಿತ್ತು. ಅನ್ನಲಿಲ್ಲ. ಸ್ಮರಣ ಸಂಚಿಕೆಯ ಸಂಪಾದಕಿ ಎಂಬ ಪಟ್ಟವನ್ನು ಈ ಸಲ ನನ್ನ ತಲೆಗೆ ಕಟ್ಟಿದ್ದರು. ಯಾರಿಗೂ ಬೇಡವಾದ ಕೆಲಸ ಅದು. ಇಂಥ ಕೆಲಸಗಳೆಲ್ಲ ದಾರಿ ಕೇಳಿಕೊಂಡು ನನ್ನ ಮನೆಗೇ ಬರುತ್ತವೆ.

ಅಧ್ಯಕ್ಷರು ಎಂದರೆ ಅನಂತರಾಮ್. ಪಾಯಾ ಲೆಬಾರ್‌ನ ಆಫೀಸೊಂದರಲ್ಲಿ ದೊಡ್ಡ ಹುದ್ದೆ. ಕುಳ್ಳಗೆ, ದುಂಡಗೆ ಇದ್ದಾರೆ, ಮೈಕ್ ಕೈಗೆ ಸಿಕ್ಕರೆ ಬಿಡುವ ಜಾತಿಯಲ್ಲ.

“ರಮಾ ಅವ್ರೇ, ಒಂದೇ ಪೇಜು. ವಾರ್ ಟೈಮಲ್ಲಿ ಸ್ಕೂಲ್ ಹೇಗಿತ್ತು, ಡಿಸಿಪ್ಲಿನ್ ಹೇಗಿತ್ತು, ಅಷ್ಟೇ. ಈಗಿನ ಮಕ್ಕಳಿಗೆ ಇನ್‌ಸ್ಪೈರ್ ಆಗ್ಬೇಕು. ಅಳೋದು ಗಿಳೋದು ಬೇಡ, ಪಾಸಿಟಿವ್ ಆಗಿರ್ಲಿ,” ಎಂದರು.

ಪಾಸಿಟಿವ್ ಅಂತೆ! ಯುದ್ಧ ಏನು ಇವರ ಮಾವನ ಮನೆಯ ಹಬ್ಬವೇ? ಆ ಪುಟ ಕೊನೆಗೂ ಅಚ್ಚಾಗಲಿಲ್ಲ. ನಾನೇ ವಾಪಸು ತೆಗೆದುಕೊಂಡೆ. ಅವತ್ತು ಬರೆಯದೆ ಬಿಟ್ಟದ್ದನ್ನೂ ಸೇರಿಸಿ ಈಗ ಬರೆಯುತ್ತಿದ್ದೇನೆ.

ಅಂಕಲ್ ಇರುವುದು ಜುರಾಂಗ್ ಈಸ್ಟ್‌ನಲ್ಲಿ, ನಮ್ಮದೇ ಬ್ಲಾಕಿನಲ್ಲಿ, ನಮಗಿಂತ ಎರಡು ಮಹಡಿ ಕೆಳಗೆ. ಜೊತೆಗೆ ಮೊಮ್ಮಗ ಪ್ರತಾಪ್, ಅವನ ಹೆಂಡತಿ ನವ್ಯಾ, ಅವರ ಮಗಳು ಖುಷಿ. ಅಂಕಲ್‌ಗೆ ತೊಂಬತ್ತು ದಾಟಿದೆ, ಖುಷಿಗೆ ಇನ್ನೂ ಒಂಬತ್ತು. ನಾನು ಮೈಸೂರಿಂದ ಈ ದ್ವೀಪನಗರಕ್ಕೆ ಬಂದು ಇಷ್ಟು ವರ್ಷವಾದರೂ ಯಾರಾದರೂ ಊರು ಕೇಳಿದರೆ ಮೈಸೂರು ಎನ್ನುತ್ತೇನೆ. ಅವರು ಸೆಲೆಟಾರ್ ಎನ್ನುತ್ತಾರೆ. ಹುಟ್ಟಿದ್ದು ಅಲ್ಲೇ. ಅವರ ಅಪ್ಪ ಕುಂದಾಪುರದ ಕಡೆಯಿಂದ ಹಡಗು ಹತ್ತಿ ಬಂದು, ಸೆಲೆಟಾರ್‌ನಲ್ಲಿದ್ದ ಬ್ರಿಟಿಷರ ವಿಮಾನ ನೆಲೆಯ ಉಗ್ರಾಣದಲ್ಲಿ ಗುಮಾಸ್ತರಾಗಿದ್ದವರು. ಕನ್ನಡ ಅವರಿಗೆ ಅಮ್ಮನಿಂದ ಬಂದದ್ದು. ಹಾಗಾಗಿ ಬಯ್ಯುವಾಗ ಅವರ ಕನ್ನಡ ಬಹಳ ಚೆನ್ನಾಗಿರುತ್ತದೆ.

ಅಂಕಲ್ ವಿಷಯದಲ್ಲಿ ಬ್ಲಾಕಿನವರಿಗೆಲ್ಲ ಎರಡು ಸಂಗತಿ ಗೊತ್ತು. ಒಂದು, ಅವರ ಎಡಗಡೆ ಕೂರಬಾರದು. ಎಡಗಿವಿ ಕೇಳಿಸುವುದಿಲ್ಲ. ಬ್ಲಾಕಿನ ಕೆಳಗಿನ ತೆರೆದ ಜಾಗವಾದ ವಾಯ್ಡ್ ಡೆಕ್‌ನ ಕಲ್ಲು ಬೆಂಚಿನಲ್ಲಿ ಅವರು ಎಡಗಡೆಯ ತುದಿಗೇ ಅಂಟಿಕೊಂಡು ಕೂರುತ್ತಾರೆ, ಆ ಪಕ್ಕ ಯಾರಿಗೂ ಜಾಗವೇ ಇರದ ಹಾಗೆ. ಇನ್ನೊಂದು, ಅವರು ಯಾರಿಗೂ ಬಗ್ಗುವುದಿಲ್ಲ. ಕೈ ಮುಗಿಯುತ್ತಾರೆ, ಆದರೆ ಕತ್ತು ನೆಟ್ಟಗೆ. ದೇವಸ್ಥಾನದಲ್ಲಿ ಮಂಗಳಾರತಿ ಬಂದರೂ ತಲೆ ತಗ್ಗುವುದಿಲ್ಲ. ತಮ್ಮ ಮದುವೆಯಲ್ಲಿ ಮಾವನ ಕಾಲಿಗೂ ಬೀಳಲಿಲ್ಲವಂತೆ, ಅದೇ ದೊಡ್ಡ ರಾದ್ಧಾಂತವಾಗಿತ್ತಂತೆ. “ಮುದುಕನಿಗೆ ಸೊಕ್ಕು” ಎಂದು ನಮ್ಮವರು ಹಿಂದಿನಿಂದ ಆಡಿಕೊಳ್ಳುತ್ತಾರೆ. ನಾನೂ ಹಾಗೇ ಅಂದುಕೊಂಡಿದ್ದೆ.

ಶನಿವಾರ ಬೆಳಗ್ಗೆ ಹತ್ತಿರದ ತಿಂಡಿ ಅಂಗಡಿಗಳ ಹಾಕರ್ ಸೆಂಟರ್‌ನಲ್ಲಿ ಕೂತು ಮಾತಾಡುವುದೆಂದಾಯಿತು. ಅವರಿಗೆ ಸಕ್ಕರೆ ಹಾಕದ ಕಪ್ಪು ಕಾಫಿ, ನನಗೆ ಹಾಲು ಹಾಕಿದ್ದು. ನಾನು ಅವರ ಬಲಗಡೆ ಕೂತೆ.

“ಅಂಕಲ್, ಸ್ಕೂಲ್ ಬಗ್ಗೆ ಹೇಳಿ.”

“ಅದನ್ಯಾಕಮ್ಮ ಕೇಳ್ತಿ? ಕೊಳೆತದ್ದನ್ನ ಕೆದಕಿದ್ರೆ ನಾತವೇ ಬರೋದು.”

“ಬರ್ಲಿ ಬಿಡಿ. ನನಗೇನು ಮೂಗು ಸೂಕ್ಷ್ಮ ಇಲ್ಲ.”

ಅದಕ್ಕೆ ಸ್ವಲ್ಪ ನಕ್ಕರು. ಆಮೇಲೆ ಹೇಳಿದರು.

ಮಿಷನ್ನಿನವರ ಇಂಗ್ಲಿಷ್ ಶಾಲೆ. ಬಿಳಿ ಸುಣ್ಣದ ಎರಡು ಅಂತಸ್ತಿನ ಕಟ್ಟಡ. ಇಂಗ್ಲಿಷ್ ವ್ಯಾಕರಣ ಕಲಿಸುತ್ತಿದ್ದವರು ಪೊನ್ನಯ್ಯ ಎಂಬ ಮೇಷ್ಟ್ರು, ಸಿಲೋನಿನ ತಮಿಳರು, ದುಂಡು ಕನ್ನಡಕ, ಗಂಜಿ ಹಾಕಿದ ಬಿಳಿ ಕೋಟು. ವಾಕ್ಯವನ್ನು ಕಪ್ಪು ಹಲಗೆಯ ಮೇಲೆ ಬಿಡಿಬಿಡಿಯಾಗಿ ಬಿಚ್ಚಿಟ್ಟು ಯಾವ ಪದದ ಕೆಲಸ ಏನು ಎಂದು ಕೇಳುತ್ತಿದ್ದರು. ಎಂಟು ವರ್ಷದ ಬದರಿನಾಥನಿಗೆ ಆ ಪಾಠವೆಂದರೆ ಪ್ರಾಣ. ಅವನ ಬೆಂಚಿನಲ್ಲಿ ಕೂರುತ್ತಿದ್ದವನು ಹೊಕ್ ಸೆಂಗ್, ಸೈಕಲ್ ರಿಪೇರಿಯವನ ಮಗ. ಅವನಿಗೆ ವ್ಯಾಕರಣ ತಲೆಗೆ ಹತ್ತುತ್ತಿರಲಿಲ್ಲ. ಇವನು ಹೇಳಿಕೊಡುತ್ತಿದ್ದ. ಬದಲಿಗೆ ಅವನು ಸಂಜೆ ಅಂಗಡಿಯ ಸೈಕಲ್ ಮೇಲೆ ಇವನನ್ನು ಕೂರಿಸಿಕೊಂಡು ಸುತ್ತಿಸುತ್ತಿದ್ದ.

ಯುದ್ಧ ಬಂತು, ಬ್ರಿಟಿಷರು ಕೈ ಎತ್ತಿದರು, ಜಪಾನಿಯರು ಊರು ಹಿಡಿದರು. ಕೆಲವು ತಿಂಗಳಿಗೆ ಶಾಲೆ ಮತ್ತೆ ತೆರೆಯಿತು. ಕಟ್ಟಡ ಅದೇ, ಪೊನ್ನಯ್ಯ ಮೇಷ್ಟ್ರೂ ಅವರೇ. ಆದರೆ ಇಂಗ್ಲಿಷ್ ನಿಷಿದ್ಧ. ಮೇಷ್ಟ್ರು ರಾತ್ರಿ ತಾವು ಕಲಿತ ಜಪಾನಿ ಅಕ್ಷರವನ್ನು ಬೆಳಗ್ಗೆ ಹುಡುಗರಿಗೆ ಕಲಿಸುತ್ತಿದ್ದರು. ದಿನಾ ಮುಂಜಾನೆ ಅಂಗಳದಲ್ಲಿ ಈಶಾನ್ಯಕ್ಕೆ, ಚಕ್ರವರ್ತಿಯ ಅರಮನೆಯ ದಿಕ್ಕಿಗೆ ತಿರುಗಿ ಸೊಂಟದಿಂದ ಬಗ್ಗಬೇಕು. ಕಮ್ಮಿ ಬಗ್ಗಿದವನ ಕೆನ್ನೆಗೆ ಏಟು. ವ್ಯಾಕರಣದ ಪುಸ್ತಕಗಳು ಎಲ್ಲಿ ಹೋದವೋ ಯಾರಿಗೂ ಗೊತ್ತಿರಲಿಲ್ಲ. ಒಂದು ದಿನ ಸಂತೆಯಲ್ಲಿ ಅಮ್ಮ ಕಡಲೆಕಾಯಿ ಕೊಡಿಸಿದರು. ಪೊಟ್ಟಣ ಬಿಚ್ಚಿದರೆ ಇವನದೇ ಪುಸ್ತಕದ ಹಾಳೆ, ಇವನದೇ ಪೆನ್ಸಿಲ್ ಗೆರೆ.

“ಆಟದ ಬಯಲೆಲ್ಲ ಅಗೆಸಿದ್ರು. ಮರಗೆಣಸು ನೆಡೋದಕ್ಕೆ,” ಎಂದರು ಅಂಕಲ್. “ಗೊಬ್ಬರ ಏನು ಗೊತ್ತಾ? ಪಾಯಿಖಾನೆ ಬಕೆಟ್ಟು. ನಾವೇ ಹೊರ್ತಿದ್ವಿ, ಇಬ್ಬಿಬ್ರು ಒಂದು ಬಿದಿರಿಗೆ ನೇತುಹಾಕಿ. ತುಳುಕಿದ್ರೆ ಕಾಲ ಮೇಲೆ. ಆಮೇಲೆ ಅದೇ ಗೆಣಸು ಬೇಯಿಸಿ ನಮಗೇ ಹಾಕೋರು. ಅಕ್ಕಿ ಇಲ್ಲ, ಏನಿಲ್ಲ. ಹಸಿವು. ತಿಂದ್ವಿ.”

ಅವರು ಕಾಫಿ ಲೋಟವನ್ನು ದೂರ ಸರಿಸಿದರು. ನನ್ನದೂ ಅಲ್ಲೇ ಉಳಿಯಿತು.

ನಾನು ಇಷ್ಟನ್ನು ಬರೆದು, ಸರಿಯಾಗಿದೆಯೇ ನೋಡಿ ಎಂದು ಸಮಿತಿಗೆ ಕಳಿಸಿದೆ. ಸಂಘದಲ್ಲಿ ಹಾಗೊಂದು ಪದ್ಧತಿ, ಪ್ರತಿಯೊಂದನ್ನೂ ಎಲ್ಲರಿಗೂ ಕಳಿಸಬೇಕು. ಅದನ್ನು ಓದಿ ಸಾಂಸ್ಕೃತಿಕ ಕಾರ್ಯದರ್ಶಿ ಸಂಪತ್‌ನ ತಲೆಯಲ್ಲಿ ದೀಪ ಹತ್ತಿಕೊಂಡಿತು. ರಾಜ್ಯೋತ್ಸವಕ್ಕೆ ಮಕ್ಕಳ ನಾಟಕ ಬೇಕಿತ್ತಲ್ಲ! “ಬಗ್ಗಿದರೆ ಪಾಸು” ಎಂದು ಹೆಸರಿಟ್ಟ. ಹಾಸ್ಯ ನಾಟಕವಂತೆ. ಹಣೆಗೆ ಪಟ್ಟಿ ಕಟ್ಟಿಕೊಂಡ ಮಕ್ಕಳು ಬಗ್ಗುವುದು, ಎಡವುವುದು, ಒಬ್ಬರ ಮೇಲೊಬ್ಬರು ಬೀಳುವುದು. ನಾಟಕ ಮುಗಿದ ಕೂಡಲೇ ಅದೇ ವೇದಿಕೆಯ ಮೇಲೆ ಬದರಿನಾಥ್ ಅಂಕಲ್‌ಗೆ ಸನ್ಮಾನ: ಶಾಲು, ಮೈಸೂರು ಪೇಟ, ಹಣ್ಣಿನ ಬುಟ್ಟಿ. ಹೊರಗಡೆ ಮರಗೆಣಸಿನ ಚಿಪ್ಸ್ ಸ್ಟಾಲು, ‘ಥೀಮ್’ಗೆ ಹೊಂದುತ್ತದೆ ಎಂದು. ಥೂ! ನಾನು ಬರೆದದ್ದನ್ನು ಇವರು ಓದಿದರೋ ಮೂಸಿ ನೋಡಿ ಬಿಟ್ಟರೋ?

ಖುಷಿಗೆ ಮುಖ್ಯ ಪಾತ್ರ ಸಿಕ್ಕಿತು, ಮುಖ್ಯ ಅತಿಥಿಯ ಮರಿಮಗಳು ಎಂದು. ನವ್ಯಾ ಸಂಭ್ರಮದಿಂದ ಆಫೀಸಿನವರನ್ನೆಲ್ಲ ಕರೆದಳು.

ರಿಹರ್ಸಲ್ ನಡೆಯುತ್ತಿದ್ದದ್ದು ಪಾಯಾ ಲೆಬಾರ್ ಹತ್ತಿರದ ಒಂದು ಕಾಂಡೋದ, ಅಂದರೆ ಅಪಾರ್ಟ್‌ಮೆಂಟ್ ಸಮುಚ್ಚಯದ, ಹಾಲ್‌ನಲ್ಲಿ. ಒಂದು ಭಾನುವಾರ ನವ್ಯಾಗೆ ಬಿಡುವಿರಲಿಲ್ಲ. ಖುಷಿಯನ್ನು ಕರೆದುಕೊಂಡು ಅಂಕಲ್ಲೂ ನಾನೂ ಹೋದೆವು. ಎಸಿ ತಣ್ಣಗಿತ್ತು, ಅಪ್ಪ ಅಮ್ಮಂದಿರು ಗೋಡೆಗೆ ಒರಗಿಕೊಂಡು ಫೋನ್ ಹಿಡಿದು ನಿಂತಿದ್ದರು. ಮಕ್ಕಳು ಎರಡು ಸಾಲಾಗಿ ಎದುರುಬದುರು ನಿಂತರು. ಇದು ನಾನು ಬರೆದದ್ದರಲ್ಲಿ ಇರಲಿಲ್ಲ. ಅಂಕಲ್ ನನಗೆ ಹೇಳಿಯೂ ಇರಲಿಲ್ಲ. ಸಂಪತ್ ಎಲ್ಲೋ ಇಂಟರ್ನೆಟ್ಟಿನಲ್ಲಿ ಹುಡುಕಿ ತೆಗೆದಿದ್ದ: ಆ ಕಾಲದಲ್ಲಿ ತಪ್ಪು ಮಾಡಿದವರನ್ನು ಎದುರುಬದುರು ನಿಲ್ಲಿಸಿ ಒಬ್ಬರಿಂದೊಬ್ಬರಿಗೆ ಕೆನ್ನೆಗೆ ಹೊಡೆಸುತ್ತಿದ್ದರಂತೆ.

“ಇದೇ ಪಂಚ್ ಸೀನು!” ಎಂದು ಚಪ್ಪಾಳೆ ತಟ್ಟಿದ ಸಂಪತ್.

ಖುಷಿಯ ಎದುರು ನೀರಜ್. ಇಬ್ಬರೂ ಒಂದೇ ಕ್ಲಾಸು, ಒಂದೇ ಸ್ಕೂಲ್ ಬಸ್ಸು. ಖುಷಿ ಗಾಳಿಯಲ್ಲಿ ಕೈ ಬೀಸಿದಳು. ಇಬ್ಬರೂ ಕಿಸಕ್ಕನೆ ನಕ್ಕರು.

“ನೋ ನೋ ನೋ. ಟಚ್ ಆಗ್ಬೇಕು. ಸೌಂಡ್ ಬರ್ಬೇಕು.”

“ಪೇನ್ ಆಗತ್ತೆ ಲಾ, ಅಂಕಲ್,” ಎಂದಳು ಖುಷಿ.

“ಏನೂ ಆಗಲ್ಲ ಪುಟ್ಟಿ. ನೀರಜ್ ಸ್ಟ್ರಾಂಗ್ ಬಾಯ್. ಹೊಡಿ. ಜೋರಾಗಿ ಹೊಡಿ.”

ಅವಳು ಮೆಲ್ಲಗೆ ತಟ್ಟಿದಳು. ಸಂಪತ್ ಮತ್ತೆ ಮಾಡು ಎಂದ. ಮತ್ತೆ ಮೆಲ್ಲಗೆ. “ಏನಮ್ಮ, ನಿನ್ನಿಂದ ಎಲ್ಲರಿಗೂ ಲೇಟ್ ಆಗ್ತಿದೆ ನೋಡು. ಜೋರಾಗಿ!” ಮಗುವಿಗೆ ಅವಮಾನವಾಯಿತು. ಕಣ್ಣು ಮುಚ್ಚಿಕೊಂಡು ಬೀಸಿದಳು. ಚಟಾರ್ ಎಂದಿತು. ಹಾಲ್ ತುಂಬ ನಗು. ನೀರಜ್‌ನ ಅಮ್ಮನೂ ನಕ್ಕಳು, ಫೋನ್ ಅಲುಗಾಡದ ಹಾಗೆ ಹಿಡಿದುಕೊಂಡೇ. ಎಲ್ಲರೂ ನಗುತ್ತಿದ್ದಾರಲ್ಲ ಎಂದು ನೀರಜ್ ಕೂಡ ನಕ್ಕ, ಕೆನ್ನೆ ಕೆಂಪಗೆ, ಕಣ್ಣಲ್ಲಿ ನೀರು. ಖುಷಿ ನಗಲಿಲ್ಲ. ತನ್ನ ಅಂಗೈ ನೋಡಿಕೊಂಡಳು.

ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ. ನಾನು ಅಂಕಲ್ ಕಡೆ ತಿರುಗಿದೆ. ಅವರ ಮುಖ ಸುಣ್ಣದ ಗೋಡೆಯ ಹಾಗೆ ಬೆಳ್ಳಗಾಗಿತ್ತು.

ವಾಪಸು ಬರುವಾಗ ಎಂಆರ್‌ಟಿ ರೈಲಿನಲ್ಲಿ ಖುಷಿ ತಾತನ ಬಲಗಡೆ ಕೂತು, ಭುಜಕ್ಕೆ ತಲೆಯಿಟ್ಟು ನಿದ್ದೆ ಹೋದಳು. ನಾನು ಎದುರು ಕಂಬ ಹಿಡಿದು ನಿಂತಿದ್ದೆ. ಅಂಕಲ್ ತಾವಾಗಿಯೇ ಮಾತೆತ್ತಿದರು.

“ಈ ಕಿವಿ ವಯಸ್ಸಾಗಿ ಹೋದದ್ದಲ್ಲ,” ಎಂದರು.

ಜಪಾನಿಯರ ಕಾಲದಲ್ಲಿ ಒಂದು ದಿನ ಶಾಲೆಗೆ ತಪಾಸಣೆಯ ಅಧಿಕಾರಿ ಬಂದಿದ್ದನಂತೆ, ಇಬ್ಬರು ಸೈನಿಕರ ಜೊತೆ. ಹುಡುಗರು ಹಾಡಿದ ಜಪಾನಿ ಹಾಡಿನಲ್ಲಿ ಎಲ್ಲೋ ತಪ್ಪಾಯಿತು. ಎರಡು ಸಾಲು ನಿಲ್ಲಿಸಿದರು. ಬದರಿನಾಥನ ಎದುರು ಬಂದವನು ಹೊಕ್ ಸೆಂಗ್. ಅವನು ಮೆಲ್ಲಗೆ ತಟ್ಟಿದ. ಅಧಿಕಾರಿ ಹುಡುಗನಿಗೆ ಏನೂ ಅನ್ನಲಿಲ್ಲ. ಪೊನ್ನಯ್ಯ ಮೇಷ್ಟ್ರ ಕೆನ್ನೆಗೆ ಬಾರಿಸಿದ. ದುಂಡು ಕನ್ನಡಕ ಹಾರಿಬಿತ್ತು. ಮತ್ತೆ ಹೊಡೆಯಲು ಹೇಳಿದರು. ಹೊಕ್ ಸೆಂಗ್ ಮತ್ತೆ ಮೆಲ್ಲಗೆ ತಟ್ಟಿದ. ಮೇಷ್ಟ್ರಿಗೆ ಮತ್ತೆ ಬಿತ್ತು, ತುಟಿ ಒಡೆಯಿತು.

“ಆಗ ಮೇಷ್ಟ್ರೇ ಹೇಳಿದ್ರು. ಜೋರಾಗಿ ಹೊಡಿ, ಅಂತ. ಇವತ್ತು ಆ ಸಂಪತ್ ಹೇಳಿದ್ನಲ್ಲ, ಹಾಗೇ. ನಮಗೆ ಅಷ್ಟು ಅಕ್ಕರೆಯಿಂದ ಪಾಠ ಹೇಳಿದ ಮನುಷ್ಯ. ಅವನು ಹೊಡೆದ. ಕಿವಿ ಒಳಗೆ ಏನೋ ಟಪ್ ಅಂತು.”

ಒಂದು ಸ್ಟೇಷನ್ ಬಂತು. ಬಾಗಿಲು ತೆರೆಯಿತು, ಮುಚ್ಚಿತು.

“ಆ ಅಧಿಕಾರಿ ನಕ್ಕ, ರಮಾ. ಸೈನಿಕರೂ ನಕ್ಕರು. ಏಟು ಮರೆತುಹೋಗಿದೆ ನನಗೆ. ಆ ನಗು ಮರೆತಿಲ್ಲ. ಹೇಸಿಗೆ, ಹೇಸಿಗೆ. ಇವತ್ತು ಅದೇ ನಗು ಕೇಳಿಸ್ತು. ಒಂದೇ ಕಿವಿ ಇದ್ರೂ ಕೇಳಿಸ್ತು.”

ಯುದ್ಧ ಮುಗಿದ ಮೇಲಾದರೂ ಸರಿಹೋಯಿತೇ ಎಂದು ಕೇಳಿದೆ. ಕೇಳಬಾರದಿತ್ತು. ಹೋದೆಯಾ ಪಿಶಾಚಿ ಅಂದರೆ ಬಂದೆ ಗವಾಕ್ಷೀಲಿ ಎನ್ನುವ ಹಾಗೆ ಆಯಿತಂತೆ. ಜಪಾನಿಯರು ಸೋತು ಹೋದರು, ಅದೇ ಶಾಲೆ ಮತ್ತೆ ಇಂಗ್ಲಿಷ್ ಶಾಲೆಯಾಯಿತು. ಹೆಡ್‌ಮಾಸ್ಟರ್ ಆಗಿ ಬಂದವನು ಜಪಾನಿಯರ ಚಾಂಗಿ ಸೆರೆಯಲ್ಲಿ ಅಷ್ಟೂ ವರ್ಷ ಕೊಳೆತು ಬಂದಿದ್ದ ಇಂಗ್ಲಿಷಿನವನು, ಮೂಳೆಯ ಮೇಲೆ ಅಂಗಿ ಹಾಕಿದ್ದ. ಮೊದಲ ದಿನ ಅವನು ತರಗತಿಯ ಒಳಗೆ ಕಾಲಿಟ್ಟ. ಹುಡುಗರೆಲ್ಲ ಎದ್ದರು. ಎದ್ದವರೇ ಸೊಂಟದಿಂದ ಬಗ್ಗಿದರು. ಮೂರೂವರೆ ವರ್ಷ ಕಲಿಸಿದ್ದು ಅದನ್ನೇ ಅಲ್ಲವೇ? ಯಾರೂ ಯೋಚಿಸಿ ಬಗ್ಗಿದ್ದಲ್ಲ, ಮೈ ತಾನಾಗಿ ಬಗ್ಗಿತು.

“ಅವನಿಗೆ ಹುಚ್ಚು ಹಿಡಿದ ಹಾಗಾಯ್ತು. ಬೆತ್ತ ತಗೊಂಡ. ಒಬ್ಬೊಬ್ಬನ್ನೂ ಕರೆದು ಹೊಡೆದ. ನೀವೀಗ ಸ್ವತಂತ್ರರು, ಬಗ್ಗಬಾರದು ಅಂತ ಕೂಗ್ತಾ ಕೂಗ್ತಾ ಹೊಡೆದ. ಬಗ್ಗದಿದ್ರೆ ಏಟು ತಿಂದಿದ್ದೆ, ಬಗ್ಗಿದ್ದಕ್ಕೂ ತಿಂದೆ. ಅವನ ಕಷ್ಟ ಗೊತ್ತಮ್ಮ ನನಗೆ, ಅವನೂ ಒಳಗೆ ಬಗ್ಗಿ ಬಗ್ಗಿಯೇ ಬದುಕಿ ಬಂದವನು. ಆದ್ರೆ ಬೆತ್ತ ಬಿದ್ದದ್ದು ನನ್ನ ಕೈಮೇಲೆ. ಇನ್ನು ಯಾವ ನಾಯಿಗೂ ಬಗ್ಗಲ್ಲ ಅಂತ ಅವತ್ತೇ ತೀರ್ಮಾನ ಮಾಡಿದೆ.”

ಪಕ್ಕದಲ್ಲಿ ಪೊನ್ನಯ್ಯ ಮೇಷ್ಟ್ರು ನಿಂತಿದ್ದರಂತೆ, ಹೊಸ ಕನ್ನಡಕ ಹಾಕಿಕೊಂಡು. ಬೆತ್ತದ ಕೆಲಸ ಮುಗಿದ ಮೇಲೆ ಹಾಜರಿ ಕರೆದರು. ಹೊಕ್ ಸೆಂಗ್ ಎಂದರು. ಉತ್ತರವಿಲ್ಲ. ಅವನ ಮನೆಯವರನ್ನು ಯುದ್ಧದ ನಡುವೆ ಜಲಸಂಧಿಯ ಆಚೆ, ಎಂಡಾವ್ ಎಂಬ ಕಾಡಿಗೆ ಬೇಸಾಯ ಮಾಡಿಕೊಂಡಿರಿ ಎಂದು ಸಾಗಿಸಿದ್ದರು. ಅಲ್ಲಿ ಚಳಿಜ್ವರ. ಅಪ್ಪ ಮಗ ಇಬ್ಬರೂ ಹೋದರು. ಮೇಷ್ಟ್ರು ಇನ್ನೊಂದು ಸಲ ಕೂಡ ಕೂಗಲಿಲ್ಲವಂತೆ, ಮುಂದಿನ ಹೆಸರಿಗೆ ಹೋದರು. ಆಮೇಲೆ ಕಪ್ಪು ಹಲಗೆಯ ಮೇಲೆ ಒಂದು ವಾಕ್ಯ ಬರೆದು, ಯಾವ ಪದದ ಕೆಲಸ ಏನು ಎಂದು ಕೇಳಿದರು.

“ಆ ಮೇಷ್ಟ್ರನ್ನ ಕ್ಷಮಿಸಿದ್ರಾ ಅಂಕಲ್?”

“ಇಲ್ಲ,” ಎಂದರು. “ಪಾಪ ಅನ್ಸುತ್ತೆ. ಆದ್ರೆ ಇಲ್ಲ.”

ಅಂಕಲ್ ಓದು ಬಿಡಲಿಲ್ಲ. ಮೀಸೆ ಬಂದ ಹುಡುಗರು ಚಿಕ್ಕವರ ಬೆಂಚಿನಲ್ಲಿ ಮೊಣಕಾಲು ಮಡಚಿ ಕೂರಬೇಕಿತ್ತು, ಕೂತರು. ಸೀನಿಯರ್ ಕೇಂಬ್ರಿಡ್ಜ್ ಪರೀಕ್ಷೆ ಮುಗಿಸಿ, ಅಪ್ಪನಿದ್ದ ಸೆಲೆಟಾರ್ ಉಗ್ರಾಣಕ್ಕೇ ಸೇರಿದರು. ಬ್ರಿಟಿಷರು ಹೋದ ಮೇಲೆ ಅಲ್ಲಿಗೆ ವಿಮಾನ ರಿಪೇರಿ ಕಂಪನಿಗಳು ಬಂದವು. ಅಂಕಲ್ ಅಲ್ಲೇ ಬೋಲ್ಟು, ನಟ್ಟು, ಟೈರು ಎಣಿಸಿಕೊಂಡು ನಿವೃತ್ತರಾದರು. ಹೆಂಡತಿ ಹೋದರು, ಮಗ ಹೋದ. ಮನೆಯಲ್ಲಿ ಯಾರಿಗೂ ಕಿವಿಯ ಕಥೆ ಹೇಳಿರಲಿಲ್ಲವಂತೆ. ಕೇಳಿದವರೂ ಇಲ್ಲ.

ಜುರಾಂಗ್ ಈಸ್ಟ್ ಬಂತು. ಇಳಿಯುವ ಮೊದಲು ಅವರು ನನ್ನ ಮೊಣಕೈ ಹಿಡಿದರು.

“ನನಗೆ ಶಾಲು ಬೇಡ, ಪೇಟ ಬೇಡ. ಈ ಮಗು ಕೈಲಿ ಹೊಡೆಸಬೇಡಿ, ಜನ ನಗೋದಕ್ಕೆ ಅಂತ. ಅದೊಂದು ತಪ್ಪಿಸಿಕೊಡು. ಪ್ರತಾಪನಿಗೆ ಹೇಳಿದ್ರೆ ‘ಜಸ್ಟ್ ಆಕ್ಟಿಂಗ್ ತಾತ’ ಅಂತಾನೆ.”

ಆ ರಾತ್ರಿ ಖುಷಿ ಊಟ ಬಿಟ್ಟಳಂತೆ. ಸುಸ್ತಾಗಿರಬೇಕು ಎಂದಳು ನವ್ಯಾ. ನಿನಗೆ ಆ ಪಾತ್ರ ಬೇಡವೇನೇ ಎಂದು ನಾನು ಲಿಫ್ಟಿನಲ್ಲಿ ಅವಳನ್ನೇ ಕೇಳಿದೆ. “ಬೇಡ ಅಂದ್ರೆ ಎಲ್ರೂ ಬೇಬಿ ಅಂತಾರೆ,” ಎಂದು ನೆಲ ನೋಡಿದಳು.

ಸಮಿತಿಯ ಸಭೆ ಅನಂತರಾಮ್ ಆಫೀಸಿನ ಮೀಟಿಂಗ್ ರೂಮಿನಲ್ಲಿ. ನಾನು ಎಲ್ಲವನ್ನೂ ಹೇಳಿದೆ, ಕಿವಿಯ ಕಥೆಯನ್ನೂ. ಯಾರಿಗಾದರೂ ಒಂದು ಗುಟುಕು ನೀರು ಗಂಟಲಲ್ಲಿ ಇಳಿಯದೆ ಹೋದೀತೇನೋ ಎಂದು ಕಾದೆ. ಸಂಪತ್ ಸಮೋಸದ ಪುಡಿ ಕೊಡವಿಕೊಂಡ.

“ಮೇಡಂ, ಸ್ಯಾಡ್ ಸ್ಟೋರಿ, ಒಪ್ಕೋತೀನಿ. ಆದ್ರೆ ಆ ಸೀನ್ ತೆಗೆದ್ರೆ ಸ್ಕಿಟ್‌ನಲ್ಲಿ ಏನುಳಿಯತ್ತೆ? ಅದೇ ಪಂಚು.”

ಖಜಾಂಚಿ ರಜನಿ ಆಂಟಿ, “ನಮ್ಮ ಕಾಲದಲ್ಲಿ ಮೇಷ್ಟ್ರು ಹೊಡೀತಿರ್ಲಿಲ್ವಾ? ಅದ್ರಿಂದ್ಲೇ ನಾವೆಲ್ಲ ಉದ್ಧಾರ ಆಗಿದ್ದು,” ಎಂದರು. ಉದ್ಧಾರ! ಕಣ್ಣಿಗೆ ಕಾಣುತ್ತಿತ್ತಲ್ಲ.

“ಅಂಕಲ್‌ಗೆ ವಯಸ್ಸಾಗಿದೆ, ಸೆನ್ಸಿಟಿವ್ ಆಗಿರ್ತಾರೆ,” ಎಂದರು ಅನಂತರಾಮ್, ಸಮಾಧಾನದ ದನಿಯಲ್ಲಿ. “ಒಂದು ಕೆಲ್ಸ ಮಾಡೋಣ. ಲ್ಯಾಪ್‌ಟಾಪಿಂದ ಸೌಂಡ್ ಎಫೆಕ್ಟ್ ಪ್ಲೇ ಮಾಡೋಣ. ಮಕ್ಕಳು ಸ್ವಲ್ಪ ಲೈಟಾಗಿ ಟಚ್ ಮಾಡಿದ್ರೆ ಸಾಕು. ಜನಾನೂ ನಗ್ತಾರೆ, ಯಾರಿಗೂ ನೋವಾಗಲ್ಲ.”

“ಕಂಡವರ ಮಕ್ಕಳನ್ನ ಬಾವಿಗೆ ತಳ್ಳಿ ಆಳ ನೋಡ್ತಿದೀರಲ್ಲ, ನಾಚಿಕೆ ಆಗಲ್ವಾ ನಿಮಗೆ?” ಎಂದೆ.

ಅನಂತರಾಮ್ ಮತಕ್ಕೆ ಹಾಕಿದರು. ಸೀನ್ ಬೇಡ ಎನ್ನುವವರು ಕೈ ಎತ್ತಿ ಎಂದರು. ನನ್ನದೊಂದೇ ಕೈ. ಅದು ಇನ್ನೂ ಮೇಲಿರುವಾಗಲೇ ಬಿಸಿಬೇಳೆಬಾತೋ ಪಲಾವೋ ಎಂಬ ಚರ್ಚೆ ಶುರುವಾಯಿತು. ಅದು ಬಹಳ ಹೊತ್ತು ನಡೆಯಿತು, ಬಹಳ ಕಾಳಜಿಯಿಂದ ನಡೆಯಿತು. ನನ್ನ ಪುಟ ವಾಪಸು ಕೊಡಿ ಎಂದು ಕೇಳಿ, ಎದ್ದು ಬಂದೆ. ಅವರ ಆಫೀಸಿನ ಕಾಫಿ ಕೂಡ ಬಾಯಲ್ಲಿ ಕಹಿ ಬಿಟ್ಟಿತ್ತು.

ಅಂಕಲ್‌ಗೆ ಹೋಗಿ ಹೇಳಿದೆ, ಆಗಲಿಲ್ಲ ಎಂದು. ನೀವು ಬರಬೇಡಿ, ಮೈ ಸರಿಯಿಲ್ಲ ಎಂದುಬಿಡಿ ಎಂದೂ ಹೇಳಿದೆ.

“ಮಗು ಅಲ್ಲಿ ನಿಂತಿರುತ್ತಲ್ಲ, ಬರ್ತೀನಿ,” ಎಂದರು.

ರಾಜ್ಯೋತ್ಸವದ ದಿನ ಕಮ್ಯುನಿಟಿ ಕ್ಲಬ್ಬಿನ ಸಭಾಂಗಣ ತುಂಬಿತ್ತು. ಹಳದಿ ಕೆಂಪು ಬಾವುಟ, ರೇಷ್ಮೆ ಸೀರೆ, ಮಲ್ಲಿಗೆ, ಬಾಗಿಲಲ್ಲೇ ಮರಗೆಣಸು ಕರಿದ ಎಣ್ಣೆಯ ವಾಸನೆ. ಅಂಕಲ್ ಮೂಗಿಗೆ ಕರವಸ್ತ್ರ ಹಿಡಿದು ಒಳಗೆ ಬಂದರು. ಮುಂದಿನ ಸಾಲಿನಲ್ಲಿ ಕೂತರು, ಬಿಳಿ ಅಂಗಿ, ಪಕ್ಕದಲ್ಲಿ ಕೋಲು. ನಾನು ಬಲಗಡೆ. ವೇದಿಕೆಯ ಮೂಲೆಯಲ್ಲಿ ತಟ್ಟೆಯ ಮೇಲೆ ಪೇಟ, ಶಾಲು ಕಾಯುತ್ತಿದ್ದವು.

ನಾಟಕ ಶುರುವಾಯಿತು. ಮಕ್ಕಳು ಬಗ್ಗಿದರು, ಜನ ನಕ್ಕರು. ಒಬ್ಬ ಹುಡುಗ ಬಗ್ಗುವಾಗ ಮುಗ್ಗರಿಸಿದ, ಇನ್ನಷ್ಟು ನಕ್ಕರು. ಆಮೇಲೆ ಎರಡು ಸಾಲು. ಮೊದಲ ಜೋಡಿ ಕೈ ಬೀಸಿತು, ಸ್ಪೀಕರಿನಿಂದ ಚಟಾರ್ ಎಂದಿತು. ನಗು. ಇನ್ನೊಂದು ಜೋಡಿ, ಮತ್ತೆ ಚಟಾರ್, ಸಿಳ್ಳೆ. ಖುಷಿಯ ಸರದಿ ಬಂತು. ಅವಳು ಕೈ ಎತ್ತಿದಳು. ಎತ್ತಿದ ಕೈ ಅಲ್ಲೇ ನಿಂತಿತು. ಲ್ಯಾಪ್‌ಟಾಪ್ ಕಾಯಲಿಲ್ಲ, ಕೈ ಅಲುಗಾಡುವ ಮೊದಲೇ ಚಟಾರ್ ಎಂದುಬಿಟ್ಟಿತು. ಸಭಾಂಗಣ ಬಿದ್ದು ಬಿದ್ದು ನಕ್ಕಿತು. ಖುಷಿಯ ಕೆಳತುಟಿ ಅದುರತೊಡಗಿತು. ಪರದೆಯ ಪಕ್ಕದಿಂದ ಸಂಪತ್‌ನ ಪಿಸುದನಿ ಮುಂದಿನ ಸಾಲಿನವರೆಗೂ ಕೇಳಿಸಿತು: “ಹೊಡಿ. ಜೋರಾಗಿ ಹೊಡಿ.”

ಅಂಕಲ್ ಎದ್ದರು. ನಾನು ತೋಳು ಹಿಡಿಯಲು ಹೋದರೆ ಕೊಡವಿದರು. ಕೋಲೂರಿ ಮೆಟ್ಟಿಲು ಹತ್ತಿದರು. ಎರಡು ಸಾಲುಗಳ ನಡುವೆ ಹೋಗಿ, ಮೇಲಿದ್ದ ಖುಷಿಯ ಕೈಯನ್ನು ಹಿಡಿದು ಕೆಳಗಿಳಿಸಿದರು. ಇದೂ ನಾಟಕದ ಭಾಗ ಎಂದುಕೊಂಡು ಕೆಲವರು ಚಪ್ಪಾಳೆ ತಟ್ಟಿದರು. ಅನಂತರಾಮ್ ಮೈಕ್ ಹಿಡಿದು ಓಡಿಬಂದರು.

“ಅಂಕಲ್, ಸನ್ಮಾನ ಇನ್ನೂ ಐದು ನಿಮಿಷ ಇದೆ...”

ಅಂಕಲ್ ಮೈಕ್ ಕಿತ್ತುಕೊಂಡರು. “ನೀವಿಲ್ಲಿ ನಿಲ್ಲಿ. ಸಂಪತ್, ಹೊರಗೆ ಬಾ. ಅವರ ಎದುರಿಗೆ ನಿಲ್ಲು.”

ಇಬ್ಬರೂ ಹಲ್ಲು ಕಿರಿಯುತ್ತಾ ನಿಂತರು. ಜನ ಮತ್ತೆ ಚಪ್ಪಾಳೆ.

“ಹೊಡಿ,” ಎಂದರು ಅಂಕಲ್.

ಸಂಪತ್ ಅಧ್ಯಕ್ಷರ ಕೆನ್ನೆಯನ್ನು ಬೆರಳ ತುದಿಯಿಂದ ಮುಟ್ಟಿದ. ಸಭೆ ಗೊಳ್ಳೆಂದಿತು.

“ಮೆಲ್ಲಗಾಯ್ತು. ನೀನು ಮೆಲ್ಲಗೆ ಹೊಡೆದ್ರೆ ನಿನ್ನ ಮೇಷ್ಟ್ರಿಗೆ ಹೊಡೀತಾರೆ, ರಕ್ತ ಬರೋ ಹಾಗೆ. ಮತ್ತೆ ಹೊಡಿ. ನಾನು ನಿಂತಿದ್ದೆ ಹೀಗೇ. ಈ ಮಗು ವಯಸ್ಸು ನನಗೆ. ಎದುರಿಗೆ ನನ್ನ ಫ್ರೆಂಡ್, ಹೊಕ್ ಸೆಂಗ್ ಅಂತ. ಅವನು ಎರಡು ಸಲ ಮೆಲ್ಲಗೆ ಹೊಡೆದ. ಮೂರನೇ ಸಲಕ್ಕೆ ನನ್ನ ಈ ಕಿವಿ ಒಡೆದುಹೋಯ್ತು. ನೋಡಿದವರು ನಕ್ಕರು.” ಅವರು ಸಭೆಯ ಕಡೆ ತಿರುಗಿದರು. “ನೀವೂ ನಗಿ. ಯಾಕೆ ನಿಲ್ಸಿದ್ರಿ? ನಗಿ.”

ಯಾರೂ ನಗಲಿಲ್ಲ. ಸಂಪತ್‌ನ ಕೈ ಅರ್ಧಕ್ಕೇ ನಿಂತಿತ್ತು, ಅದನ್ನು ಎಲ್ಲಿಟ್ಟುಕೊಳ್ಳಬೇಕೋ ಅವನಿಗೆ ತಿಳಿಯಲಿಲ್ಲ. ಪ್ರತಾಪ್ ಎರಡನೇ ಸಾಲಿನಲ್ಲಿ ಬಾಯಿ ತೆರೆದು ಕೂತಿದ್ದ. ನನ್ನ ಹಿಂದೆ ಯಾರೋ ಹೆಂಗಸು, “ಛೆ, ಪ್ರೋಗ್ರಾಂ ಹಾಳ್ಮಾಡಿಬಿಟ್ರು,” ಎಂದಳು. ಹಿಂತಿರುಗಿ ಅವಳನ್ನು ನೋಡುವುದಕ್ಕೂ ನನಗೆ ಅಸಹ್ಯವಾಯಿತು.

ಅನಂತರಾಮ್ ಸಭೆ ಉಳಿಸಿಕೊಳ್ಳಲು ಹೊರಟರು. ತಟ್ಟೆಯಿಂದ ಪೇಟ ಎತ್ತಿಕೊಂಡು, ಹಲ್ಲು ಬಿಟ್ಟುಕೊಂಡು ಅಂಕಲ್ ಹತ್ತಿರ ಬಂದರು. ಇವರು ಕುಳ್ಳು, ಅವರು ಎತ್ತರ. ತುದಿಗಾಲಲ್ಲಿ ನಿಂತರೂ ತಲೆ ಎಟುಕಲಿಲ್ಲ. “ಸ್ವಲ್ಪ ಬಗ್ಗಿ ಅಂಕಲ್,” ಎಂದರು. ಫೋಟೋದವನು ಕ್ಯಾಮೆರಾ ಎತ್ತಿ ಹಿಡಿದ. ಅಂಕಲ್ ಕತ್ತು ಅಲುಗಲಿಲ್ಲ. ಪೇಟ ಗಾಳಿಯಲ್ಲೇ ಇತ್ತು.

ಆಗ ಖುಷಿ ಅವರ ಅಂಗಿ ಜಗ್ಗಿದಳು. ಎಡಗಡೆಯಿಂದ ಏನೋ ಹೇಳಿದಳು. ಅವರಿಗೆ ಕೇಳಿಸಲಿಲ್ಲ. ಅವಳು ಸುತ್ತಿ ಬಲಗಡೆಗೆ ಬಂದು ಮತ್ತೆ ಜಗ್ಗಿದಳು. ಅಳುವಿನಲ್ಲಿ ಅವಳಿಗೆ ದನಿ ಹೊರಡುತ್ತಿರಲಿಲ್ಲ.

ಅಂಕಲ್ ಬಗ್ಗಿದರು. ಅಷ್ಟು ಜನರ ಎದುರು, ಕೋಲಿನ ಮೇಲೆ ಭಾರ ಹಾಕಿ, ಸೊಂಟದಿಂದ, ಕಷ್ಟಪಟ್ಟು, ಬಲಗಿವಿ ಮಗುವಿನ ಬಾಯಿಯ ಹತ್ತಿರ ಬರುವವರೆಗೂ ಬಗ್ಗಿದರು. ಮೈಕ್ ಇನ್ನೂ ಅವರ ಕೈಯಲ್ಲೇ ಇತ್ತು. ಆದ್ದರಿಂದ ಅವಳು ಕೇಳಿದ್ದು ಸಭಾಂಗಣಕ್ಕೆಲ್ಲ ಕೇಳಿಸಿತು.

“ತಾತ, ಹೊಡೆದ ಮೇಲೆ ನಿನ್ನ ಫ್ರೆಂಡ್ ಅತ್ನಾ?”

ಅಷ್ಟೆಲ್ಲ ಕೇಳಿ ಬರೆದುಕೊಂಡ ನಾನೂ ಇದನ್ನು ಕೇಳಿರಲಿಲ್ಲ.

ಅಂಕಲ್ ಬಗ್ಗಿಕೊಂಡೇ ಇದ್ದರು.

“ಹೂಂ ಕಂದಾ,” ಎಂದರು ಆಮೇಲೆ. “ಅತ್ತ. ನನಗಿಂತ ಜಾಸ್ತಿ ಅತ್ತ.”